ಎರಡು ಸಾವಿರ ರೂಪಾಯಿಯ ದುರ್ಗಯಾತ್ರೆ

ಬೆನ್ನಿಗೊಂದು ಚೀಲವೇರಿಸಿ, ಅಂಗಡಿಯ ರೊಟ್ಟಿಯನ್ನೇ ಎರಡು ಹೊತ್ತಿನ ಊಟವೆಂದು ಭಾವಿಸಿ, ರೋಮ್, ಫ್ಲಾರೆನ್ಸ್, ವೆನಿಸ್ ಪಟ್ಟಣಗಳನ್ನು ಅಗ್ಗದಲ್ಲಿ ಸುತ್ತಿಬರುವ ಪರದೇಶದ ವಿದ್ಯಾರ್ಥಿಗಳ ಕಥೆಯನ್ನೋದಿ ನಿಟ್ಟುಸಿರಿಡುವ ತರುಣರು ಕನ್ನಡನಾಡಿನಲ್ಲಿ ಬಹಳ ಮಂದಿ. ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದ ಒಬ್ಬಾತನೂ ಹಾಗೆ ನಿಟ್ಟುಸಿರಿಟ್ಟವನೇ. ೨೦೨೫ರ ಫೆಬ್ರವರಿಯಲ್ಲಿ ಅವನಿಗೆ ನಾಲ್ಕು ದಿನಗಳ ಬಿಡುವು ದೊರೆಯಿತು. ಗೆಳೆಯರು ಗೋವೆಗೆ ಹೊರಟರು. ಈತನ ಬಳಿ ಇದ್ದದ್ದು, ಪಾಠ ಹೇಳಿ ಕೂಡಿಸಿದ ಎರಡು ಸಾವಿರ ರೂಪಾಯಿ. ಆ ಹಣದಲ್ಲಿ ಗೋವೆಯ ಸಮುದ್ರ ದೂರದಿಂದಲೂ ಕಾಣುವಂತಿರಲಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಹೆಸರುಗಳನ್ನು ಕಾಗದದ ಮೇಲೆ ಬರೆದುಕೊಂಡು ಅವನು ಬಸ್ಸು ಹತ್ತಿದನು.

ಹೊರಡುವ ಹಿಂದಿನ ರಾತ್ರಿ ತಂದೆ ಒಂದು ಲಕೋಟೆಯನ್ನು ಅವನ ಕೈಗಿತ್ತಿದ್ದರು. "ಹೇಗೂ ಆ ಕಡೆ ಹೋಗುತ್ತೀಯೆ. ಹೊಸದುರ್ಗದ ಚಿಕ್ಕಜ್ಜನಿಗೆ ಇದನ್ನು ಕೊಡು. ಬಾಯಲ್ಲಿ ಏನೂ ಹೇಳಬೇಡ. ಹಾಗೇ ತೋಟವನ್ನೂ ನೋಡಿಕೊಂಡು ಬಾ" ಎಂದಷ್ಟೇ ಅವರು ಹೇಳಿದ್ದು. ಫೋನಿನಲ್ಲಿ ಆಡಲಾಗದ ಮಾತುಗಳು ಇಂದಿಗೂ ಲಕೋಟೆಯಲ್ಲಿಯೇ ಸಂಚರಿಸುತ್ತವೆ. ಅದರಲ್ಲೇನಿದೆಯೆಂಬುದು ಮಗನಿಗೆ ತಿಳಿಯದ ವಿಷಯವಲ್ಲ. ತಮ್ಮ ಪಾಲಿನ ತೆಂಗಿನ ತೋಟವನ್ನು ಮಾರಿ, ಆ ಹಣದಲ್ಲಿ ಅವನ ಎಂ.ಎ. ಓದನ್ನೂ ಹಾಸ್ಟೆಲಿನ ಖರ್ಚನ್ನೂ ನಿಭಾಯಿಸುವ ಯೋಚನೆ ಮನೆಯಲ್ಲಿ ಎಷ್ಟೋ ದಿನಗಳಿಂದ ನಡೆದಿತ್ತು.

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಸುಮಾರು ಇನ್ನೂರು ಕಿಲೋಮೀಟರು. ಹಿರಿಯೂರು ದಾಟಿದ ಮೇಲೆ ನೆಲದ ಬಣ್ಣ ಬದಲಾಗುತ್ತದೆ. ಬಂಡೆಗಳು ಒಂದರ ಮೇಲೊಂದು ಕುಳಿತಂತೆ ಗುಡ್ಡಗಳು ಏಳುತ್ತವೆ. ಆ ಗುಡ್ಡಗಳ ನೆತ್ತಿಯಲ್ಲೀಗ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಬಿಳಿಯ ಯಂತ್ರಗಳು ಸಾಲುಗಟ್ಟಿ ತಿರುಗುತ್ತಿವೆ. ಮಳೆ ಕೈಕೊಟ್ಟರೂ ಗಾಳಿ ಕೈಕೊಡದ ಸೀಮೆಯಿದು. ಬಸ್ಸಿನಲ್ಲಿ ಹೆಚ್ಚಿನವರು ಹೆಂಗಸರು. ೨೦೨೩ರ ಜೂನ್ ತಿಂಗಳಿನಿಂದ ಅವರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ಹಣವಿಲ್ಲವಷ್ಟೆ. ಪಕ್ಕದಲ್ಲಿ ಕುಳಿತಿದ್ದ ಮುದುಕಿಯೊಬ್ಬಳು, ನೋಟು ಎಣಿಸುತ್ತಿದ್ದ ಈತನನ್ನು ಕಂಡು, "ಅಯ್ಯೋ ಮಗಾ, ಹೆಣ್ಣಾಗಿ ಹುಟ್ಟಿದ್ರೆ ಇವತ್ತು ಆ ದುಡ್ಡು ಉಳೀತಿತ್ತು" ಎಂದು ನಕ್ಕು, ಮಡಿಲಿನಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ಕೊಟ್ಟಳು. ಮೊದಲ ದಿನದ ಉಪಾಹಾರದ ಖರ್ಚು ಅಲ್ಲಿಗೆ ಉಳಿಯಿತು.

ದುರ್ಗದ ಕೋಟೆಯನ್ನು ಕಾಣಲು ತೆರಬೇಕಾದ ಕಾಣಿಕೆ ಒಂದು ಮಸಾಲೆದೋಸೆಯ ಬೆಲೆಗಿಂತ ಕಡಮೆ. ಏಳು ಸುತ್ತಿನ ಕೋಟೆಯೆಂಬ ಮಾತು ಕೇಳುವುದಕ್ಕೆ ಸುಲಭ, ಹತ್ತುವುದಕ್ಕೆ ಅಲ್ಲ. ಬಾಗಿಲಿನಿಂದ ಬಾಗಿಲಿಗೆ ದಾರಿ ನೇರವಾಗಿ ಸಾಗದೆ ಹಾವಿನಂತೆ ಬಳುಕುತ್ತದೆ. ಬಂದ ಶತ್ರುವಿಗೆ ಎದುರಿನಲ್ಲಿ ಬಾಗಿಲೇ ಕಾಣದಂತೆ, ಕಂಡಾಗ ಆನೆಯನ್ನು ಓಡಿಸಿ ಗುದ್ದಿಸಲು ಜಾಗವಿಲ್ಲದಂತೆ ಕಟ್ಟಿದ ಜಾಣತನವದು. ಮದ್ದು ಬೀಸುವ ಭಾರಿ ಕಲ್ಲುಗಳು, ಎಣ್ಣೆಯ ಕೊಳಗಳು, ಉಯ್ಯಾಲೆಯ ಕಂಬಗಳು, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಹಿಡಿಂಬನ ಹಲ್ಲೆಂದು ತೋರಿಸುವ ವಸ್ತುವನ್ನಿರಿಸಿಕೊಂಡಿರುವ ಹಿಡಿಂಬೇಶ್ವರ ಇವುಗಳನ್ನೆಲ್ಲ ಪ್ರವಾಸಿಗರು ನೋಡುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರು 'ನಾಗರಹಾವು' ಚಿತ್ರವನ್ನು ಇಲ್ಲಿ ತೆಗೆದ ಮೇಲಂತೂ ಈ ಬಂಡೆಗಳ ನೆನಪು ಬಹುಮಂದಿಗೆ ಸಿನೆಮಾದ ನೆನಪೇ ಆಗಿದೆ. ಆ ಚಿತ್ರಕ್ಕೆ ಆಧಾರವಾದ ಕಾದಂಬರಿಗಳನ್ನು ಬರೆದ ತ.ರಾ.ಸುಬ್ಬರಾಯರೇ ಮುಂದೆ ೧೯೮೨ರಲ್ಲಿ 'ದುರ್ಗಾಸ್ತಮಾನ'ವನ್ನು ಬರೆದು, ಕೊನೆಯ ಮದಕರಿನಾಯಕನನ್ನು ಮನೆಮನೆಯ ಮನುಷ್ಯನನ್ನಾಗಿ ಮಾಡಿದರು. ಕೋಟೆ ಹೈದರಾಲಿಯ ವಶವಾದದ್ದು ೧೭೭೯ರಲ್ಲಿ.

ಆದರೆ ಕೋಟೆಯಲ್ಲಿ ನಿಂತು ನೋಡಬೇಕಾದದ್ದು ಗೋಡೆಯಲ್ಲ, ನೀರು. ಕಾದು ಕೆಂಡವಾಗುವ ಈ ಬಂಡೆಗಳ ಮೇಲೆ ಊರಿಗೂರೇ ಕುಳಿತು ತಿಂಗಳುಗಟ್ಟಲೆ ಮುತ್ತಿಗೆಯನ್ನು ತಡೆದದ್ದು ಹೇಗೆ? ಗೋಪಾಲಸ್ವಾಮಿ ಹೊಂಡದ ದಡದಲ್ಲಿ ಕುಳಿತರೆ ಉತ್ತರ ಕಾಣುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆ ಮೊದಲು ಆ ಹೊಂಡಕ್ಕೆ ಇಳಿಯುತ್ತದೆ. ಅದು ತುಂಬಿ ಹೆಚ್ಚಾದದ್ದು ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ. ಅದೂ ತುಂಬಿದರೆ ಇನ್ನೂ ಕೆಳಗೆ, ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆಹೊಂಡಕ್ಕೆ. ಮೇಲಿನವರು ಕುಡಿದು ಉಳಿದದ್ದು ಕೆಳಗಿನವರಿಗೆ ಸೇರಲೇಬೇಕೆಂಬ ಏರ್ಪಾಟು. ಅಕ್ಕತಂಗಿಯರಿಬ್ಬರು ಆ ಹೊಂಡದಲ್ಲಿ ಪ್ರಾಣಬಿಟ್ಟರೆಂಬ ಐತಿಹ್ಯವನ್ನು ಅಲ್ಲಿ ಹೇಳುತ್ತಾರೆ. ನೀರು ಹಸಿರಾಗಿ, ಮಾತಿಲ್ಲದೆ ನಿಂತಿರುತ್ತದೆ.

ಓಬವ್ವನ ಕಿಂಡಿಯ ಕಥೆಯಾದರೂ ಮೂಲದಲ್ಲಿ ನೀರಿನದೇ. ಗಂಡನಾದ ಕಾವಲಿನವನು ಊಟಕ್ಕೆ ಕುಳಿತಿದ್ದಾನೆ. ಅವನಿಗೆ ಕುಡಿಯಲು ನೀರು ತರಲೆಂದು ಓಬವ್ವ ಹೊರಟಾಗಲೇ ಬಂಡೆಯ ಬಿರುಕಿನಲ್ಲಿ ಹೈದರನ ಸೈನಿಕರು ತೆವಳಿ ಬರುತ್ತಿರುವುದು ಕಂಡದ್ದು. ಒನಕೆಯನ್ನು ಎಲ್ಲರೂ ನೆನೆಯುತ್ತಾರೆ, ಕೊಡವನ್ನು ಯಾರೂ ನೆನೆಯುವುದಿಲ್ಲ. ಆ ಕಿಂಡಿಯ ಹತ್ತಿರದ ತಣ್ಣೀರು ದೋಣಿಯ ಬಳಿ ವಿದ್ಯಾರ್ಥಿ ಬಹಳ ಹೊತ್ತು ಕುಳಿತನು. ಬಿಸಿಲಿಗೆ ಬಸವಳಿದಿದ್ದನೆಂಬುದು ಒಂದು ಕಾರಣ. ನೆರಳಿಗೆ ಕಾಸಿಲ್ಲವೆಂಬುದು ಇನ್ನೊಂದು.

ಸಂಜೆ ಚಂದ್ರವಳ್ಳಿಗೆ ನಡೆದೇ ಹೋದನು. ಗುಡ್ಡಗಳ ನಡುವೆ ಅವಿತಿರುವ ಈ ಕಣಿವೆಯಲ್ಲಿ ಒಂದು ಕೆರೆ, ಒಂದು ಭೈರವೇಶ್ವರ ಗುಡಿ, ನೆಲದೊಳಗೆ ಕೋಣೆ ಕೋಣೆಯಾಗಿ ಇಳಿಯುವ ಅಂಕಲಿಮಠದ ಗುಹೆ. ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ತಾನು ಗೆದ್ದ ರಾಜ್ಯಗಳ ಹೆಸರನ್ನು ಸಾಲಾಗಿ ಹೇಳಿಕೊಂಡ ಆ ನಾಲ್ಕನೆಯ ಶತಮಾನದ ಅರಸು ಅಲ್ಲಿ ದಾಖಲಿಸಿರುವ ಕೆಲಸವೆಂದರೆ ಒಂದು ಕೆರೆಯನ್ನು ಕಟ್ಟಿಸಿದ್ದು. ಮೈಸೂರಿನ ಎಂ.ಎಚ್. ಕೃಷ್ಣರು ೧೯೨೯ರಲ್ಲಿ ಇಲ್ಲಿ ಅಗೆದು ನೋಡಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆಸಿದನು. ಶಾತವಾಹನರ ನಾಣ್ಯಗಳೊಂದಿಗೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ಈ ಮಣ್ಣಿನಲ್ಲಿ ದೊರೆತವು. ರೋಮಿಗೆ ಹೋಗಲು ಹಣವಿಲ್ಲದವನು ರೋಮಿನ ಹಣ ಬಂದು ಬಿದ್ದಿದ್ದ ಜಾಗದಲ್ಲಿ ನಿಂತು, ತನ್ನ ಜೇಬಿನಲ್ಲುಳಿದದ್ದನ್ನು ಮತ್ತೊಮ್ಮೆ ಎಣಿಸಿದನು. ಸಾವಿರದ ಐನೂರ ಚಿಲ್ಲರೆ. ರಾತ್ರಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಲಗಲು ಹಳೆಯ ಸಹಪಾಠಿಯೊಬ್ಬನ ಕೋಣೆಯಲ್ಲಿ ಒಂದು ಚಾಪೆ.

ಮರುದಿನ ಹಿರಿಯೂರು. ಹೆದ್ದಾರಿಯ ಲಾರಿಗಳ ಗದ್ದಲದಲ್ಲಿ ಊರಿನ ಮುಖ ಸುಲಭವಾಗಿ ಕಾಣುವುದಿಲ್ಲ. ವೇದಾವತಿಯ ದಡದ ತೇರುಮಲ್ಲೇಶ್ವರನ ಗುಡಿಯೊಳಗೆ ಕಾಲಿಟ್ಟ ಕೂಡಲೆ ಗದ್ದಲ ನಿಲ್ಲುತ್ತದೆ. ಅಲ್ಲಿ ತಲೆಯೆತ್ತಿ ನೋಡಬೇಕು. ಮಂಟಪದ ಮೇಲ್ಚಾವಣಿಯಲ್ಲಿ ಪುರಾಣಕಥೆಗಳನ್ನು ಬಣ್ಣದಲ್ಲಿ ಬರೆದಿದ್ದಾರೆ. ಮಾಸಿದ ಬಣ್ಣಗಳ ನಡುವೆ ಒಂದೊಂದು ಮುಖ ಇದ್ದಕ್ಕಿದ್ದಂತೆ ಹೊಳೆದು ಕಾಣುತ್ತದೆ. ಇಟಲಿಯ ಇಗರ್ಜಿಗಳಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುವವರು ಹಿರಿಯೂರಿನಲ್ಲಿ ಬಸ್ಸು ಬದಲಾಯಿಸಿ ಹೊರಟುಬಿಡುತ್ತಾರೆ.

ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರು ಮಾರಿಕಣಿವೆ. ಬಾಬಾಬುಡನ್ ಗಿರಿಗಳ ಕಡೆಯಿಂದ ಹರಿದು ಬರುವ ವೇದಾವತಿ ಇಲ್ಲಿ ಎರಡು ಬೆಟ್ಟಗಳ ಇಕ್ಕಟ್ಟಿನಲ್ಲಿ ನುಸುಳಿ ಹೋಗುತ್ತಿದ್ದಳು. ಆ ಬಾಯಿಗೆ ಅಡ್ಡವಾಗಿ ಸುಮಾರು ನಾನೂರು ಮೀಟರು ಉದ್ದದ ಕಲ್ಲುಗಾರೆಯ ಕಟ್ಟೆಯನ್ನು ೧೮೯೮ರಲ್ಲಿ ಆರಂಭಿಸಿ ೧೯೦೭ರಲ್ಲಿ ಮುಗಿಸಿದರು. ಮಗನು ಚಿಕ್ಕವನಾಗಿದ್ದ ಕಾಲದಲ್ಲಿ ಮೈಸೂರನ್ನು ಆಳಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿನಿಂದ ಅದು ವಾಣಿವಿಲಾಸ ಸಾಗರವಾಯಿತು. ಜನರ ಬಾಯಲ್ಲಿ ಮಾತ್ರ ಕಟ್ಟೆಯ ಬಳಿಯ ಕಣಿವೆ ಮಾರಮ್ಮನೇ ಗೆದ್ದಿದ್ದಾಳೆ. ಇಂದಿಗೂ ಅದು ಮಾರಿಕಣಿವೆಯೇ.

ಈ ಕೆರೆಯ ಚರಿತ್ರೆ ವಿಚಿತ್ರವಾದದ್ದು. ಮೂವತ್ತು ಟಿ.ಎಂ.ಸಿ. ನೀರು ಹಿಡಿಯುವ, ನೂರಮೂವತ್ತು ಅಡಿ ತುಂಬುವ ಪಾತ್ರೆಯನ್ನೇನೋ ಕಟ್ಟಿದರು. ತುಂಬುವಷ್ಟು ಮಳೆಯನ್ನು ಕಟ್ಟಲಾಗಲಿಲ್ಲ. ೧೯೩೩ರಲ್ಲಿ ಒಮ್ಮೆ ಕೋಡಿ ಬಿದ್ದಿತು. ಆಮೇಲೆ ಎಂಬತ್ತೊಂಬತ್ತು ವರ್ಷ ಕೋಡಿಯ ಕಲ್ಲುಗಳು ಒಣಗಿಯೇ ಇದ್ದವು. ಅಜ್ಜಂದಿರು ತಾವು ಕಂಡ ಕೋಡಿಯ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿ ಕಣ್ಣುಮುಚ್ಚಿದರು. ಆ ಮೊಮ್ಮಕ್ಕಳೂ ಅಜ್ಜಂದಿರಾದರು. ೨೦೧೯ರಿಂದ ಭದ್ರೆಯ ನೀರನ್ನು ಎತ್ತಿ ವೇದಾವತಿಯ ಮೂಲಕ ಇಲ್ಲಿಗೆ ಹರಿಸುವ ಏರ್ಪಾಟು ನಡೆಯಿತು, ಮಳೆಯೂ ಕೈಹಿಡಿಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ೨೦೨೫ರ ಜನವರಿಯಲ್ಲಿ ಮತ್ತೊಮ್ಮೆ. ಹಿರಿಯೂರಿನ ಸೀಮೆಯಲ್ಲಿ ಅದು ಹಬ್ಬವೇ ಸರಿ. ಜನ ಗಾಡಿಗಾಡಿಗಳಲ್ಲಿ ಬಂದು ನೀರನ್ನು ನೋಡಿ ಕೈಮುಗಿದರು, ಬಾಗಿನ ಬಿಟ್ಟರು. ಹೊಂಡಗಳ ಊರಾದ ಚಿತ್ರದುರ್ಗವೂ ಇಂದು ಕುಡಿಯುವುದರಲ್ಲಿ ಈ ಸಾಗರದ ನೀರಿನ ಪಾಲುಂಟು.

ವಿದ್ಯಾರ್ಥಿ ಹೋದದ್ದು ಆ ಹಬ್ಬದ ಮರುತಿಂಗಳು. ಪಕ್ಕದ ಗುಡ್ಡವನ್ನೇರಿ ನೋಡಿದರೆ ತುಂಬಿದ ಕೆರೆ ಭಾರತದ ನಕ್ಷೆಯಂತೆ ತೋರುತ್ತದೆಂದು ಎಲ್ಲರೂ ಹೇಳುತ್ತಾರೆ. ತುಸು ಕಣ್ಣು ಕಿರಿದುಮಾಡಿ, ತುಸು ದೇಶಾಭಿಮಾನವನ್ನೂ ಸೇರಿಸಿಕೊಂಡರೆ ಅದು ನಿಜವೇ. ನೀಲಿ ನೀರು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿ, ಪಶ್ಚಿಮದ ಕಡೆ ಎಲ್ಲಿ ಮುಗಿಯಿತೆಂದು ತಿಳಿಯದಂತೆ ನಿಂತಿತ್ತು. ಅಷ್ಟು ನೀರನ್ನು ಅವನು ಆ ಜಿಲ್ಲೆಯಲ್ಲಿ ಎಣಿಸಿಯೇ ಇರಲಿಲ್ಲ. ತಂದೆಗೆ ಚಿತ್ರ ತೆಗೆದು ಕಳುಹಿಸಿದನು. ಉತ್ತರ ಬರಲಿಲ್ಲ. ಆ ಪಶ್ಚಿಮದ ಕೊನೆಯೇ ಹೊಸದುರ್ಗದ ತಾಲ್ಲೂಕು ಎಂಬುದು ಅವನಿಗೆ ಹೊಳೆದದ್ದು ಬಸ್ಸಿನಲ್ಲಿ.

ಹೊಸದುರ್ಗದ ಬಗ್ಗೆ ಒಂದು ಎಚ್ಚರಿಕೆಯ ಮಾತು ಹೇಳಬೇಕು. 'ಹೊಸದುರ್ಗ ರೋಡ್' ಎಂಬ ಹೆಸರನ್ನು ನಂಬಿ ರೈಲಿನಿಂದ ಇಳಿದವರಿಗೆ ರೋಡು ಸಿಗುತ್ತದೆ, ಹೊಸದುರ್ಗ ಸಿಗುವುದಿಲ್ಲ. ಊರು ಅಲ್ಲಿಂದ ಬಹುದೂರ. ಬಸ್ಸಿನಲ್ಲಿ ಹೋದವರು ನೇರವಾಗಿ ಊರಿಗಿಳಿದು, ತಲೆಯ ಮೇಲೆಯೇ ಇರುವ ದುರ್ಗವನ್ನು ನೋಡಬಹುದು. ಹದಿನೇಳನೆಯ ಶತಮಾನದಲ್ಲಿ ಚಿತ್ರದುರ್ಗದ ಚಿಕ್ಕಣ್ಣನಾಯಕನು ಬಾಗೂರಿನ ಸೀಮೆಯನ್ನು ಹತೋಟಿಯಲ್ಲಿಡಲು ಕಟ್ಟಿಸಿದ ಕೋಟೆಯದು. ಹಳೆಯ ದುರ್ಗಕ್ಕೆ ಎದುರಾಗಿ ಹೊಸ ದುರ್ಗ. ಬಾಗೂರಿನ ಚೆನ್ನಕೇಶವ, ಹೆಗ್ಗೆರೆಯ ಕರಿಕಲ್ಲಿನ ಪಾರ್ಶ್ವನಾಥ ಬಸದಿ, ಬೇಡಿದವರಿಗೆ ನೀರಿನೊಳಗಿನಿಂದ ಪ್ರಸಾದ ತೇಲಿ ಬರುತ್ತದೆಂದು ಜನ ನಂಬುವ ಹಾಲುರಾಮೇಶ್ವರ ಇವೆಲ್ಲ ತಾಲ್ಲೂಕಿನಲ್ಲಿ ಚದರಿಕೊಂಡಿವೆ. ಬಾಡಿಗೆ ಕಾರಿದ್ದರೆ ಒಂದು ದಿನದ ಕೆಲಸ. ಬಸ್ಸನ್ನು ಕಾಯುವವನಿಗೆ ಮೂರು ದಿನದ್ದು. ವಿದ್ಯಾರ್ಥಿ ಯಾವುದನ್ನೂ ನೋಡಲಿಲ್ಲ. ಚಿಕ್ಕಜ್ಜ ಬಸ್ ನಿಲ್ದಾಣಕ್ಕೇ ಬಂದು, ಹಳೆಯ ಮೋಟಾರುಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹಿನ್ನೀರಿನ ಹತ್ತಿರದ ಹಳ್ಳಿಗೆ ಕರೆದುಕೊಂಡು ಹೋದರು.

ರಾತ್ರಿ ಮುದ್ದೆ, ಸೊಪ್ಪಿನ ಸಾರು. ಲಕೋಟೆಯನ್ನು ಚಿಕ್ಕಜ್ಜ ಕೈಗೆ ತೆಗೆದುಕೊಂಡರು, ಒಡೆಯಲಿಲ್ಲ. ದೇವರ ಪಟದ ಹಿಂದೆ ಸಿಕ್ಕಿಸಿದರು. ಬೆಳಗಾಗುತ್ತಲೆ "ಬಾ ಮಗಾ, ತೋಟ ನೋಡಾಣ" ಎಂದು ಹೊರಡಿಸಿದರು.

ದಾರಿ ಇಳಿಯುತ್ತ ಇಳಿಯುತ್ತ ನೀರಿನೊಳಕ್ಕೆ ಹೋಗಿಬಿಟ್ಟಿತ್ತು. ನೀರಿನ ಅಂಚಿನಿಂದಾಚೆಗೆ ತೆಂಗಿನ ಮರಗಳು ಮೊಣಕಾಲಿನ ತನಕ, ಸೊಂಟದ ತನಕ ಮುಳುಗಿ ಸಾಲುಸಾಲಾಗಿ ನಿಂತಿದ್ದವು. ಹತ್ತಿರದವುಗಳಲ್ಲಿ ಇನ್ನೂ ಹಸಿರಿತ್ತು. ದೂರದವುಗಳ ಗರಿಗಳು ಬಾಗಿ, ಕಂದಿ, ಮುಚ್ಚಿದ ಕೊಡೆಗಳಂತೆ ಕಾಂಡಕ್ಕೆ ಅಂಟಿಕೊಂಡಿದ್ದವು. ೨೦೨೨ರಲ್ಲಿ ನಿಂತ ನೀರು ಬಹುಕಾಲ ಇಳಿಯದೆ ಬೇರು ಕೊಳೆಸಿತ್ತು. ಉಳಿದವನ್ನು ಈ ಸಲದ ನೀರು ಹಿಡಿದಿತ್ತು. ಅಣೆಕಟ್ಟೆಯ ಕೋಡಿಯನ್ನು ತಗ್ಗಿಸಬೇಕೆಂದು ಹಿನ್ನೀರಿನ ರೈತರು ಕೇಳುತ್ತಲೇ ಇದ್ದಾರೆ. ಒಂದಡಿ ತಗ್ಗಿದರೂ ನಮ್ಮ ಪಾಲು ಕಡಮೆಯಾಗುತ್ತದೆಂಬುದು ಕೆಳಗಿನ ಅಚ್ಚುಕಟ್ಟಿನವರ ಅಳಲು. ಎರಡು ಕಡೆಯ ಮಾತಿನಲ್ಲಿಯೂ ಸುಳ್ಳಿಲ್ಲ. ಆದುದರಿಂದಲೇ ಅದು ಬಗೆಹರಿಯುವುದು ಕಷ್ಟ. ಕೋಟೆಯ ಹೊಂಡಗಳನ್ನು ಕಟ್ಟಿದವರು ಮೇಲಿನ ಹೊಂಡ ತುಂಬಿದ ಮೇಲೆ ಎಷ್ಟು ನೀರನ್ನು ಕೆಳಕ್ಕೆ ಬಿಡಬೇಕೆಂಬುದನ್ನು ಕಲ್ಲಿನಲ್ಲಿಯೇ ತೀರ್ಮಾನಿಸಿದ್ದರು. ಆದರೆ ಅಲ್ಲಿ ಮೇಲೆಯೂ ಕೆಳಗೂ ಒಬ್ಬನೇ ಒಡೆಯನಿದ್ದನು.

"ನಮ್ಮ ಪಾಲು ಯಾವುದು ಚಿಕ್ಕಜ್ಜ?" ಎಂದು ವಿದ್ಯಾರ್ಥಿ ಕೇಳಿದನು.

ಅವರು ಕೈಚಾಚಿ ತೋರಿಸಿದರು. ಕಂದಿದ ಗರಿಗಳ ಸಾಲಿನಲ್ಲಿ, ಬೆಳ್ಳಕ್ಕಿಯೊಂದು ಕುಳಿತಿದ್ದ ಮರದಿಂದ ಆಚೆಗೆ. "ಗಡಿಕಲ್ಲು ಆ ಮರದ ಬುಡದಾಗೈತೆ. ನಿಮ್ಮಜ್ಜನೇ ನೆಟ್ಟಿದ್ದು." ಸ್ವಲ್ಪ ಹೊತ್ತು ಬಿಟ್ಟು, "ಕಾಗದದಾಗೆ ಏನೈತೆ ಅಂತ ನಂಗೊತ್ತು. ನೀರೊಳಗಿನ ಭೂಮಿಗೆ ಯಾರಪ್ಪಾ ಬೆಲೆ ಕಟ್ತಾರೆ? ಈಗ ಮಾರಿದ್ರೆ ಪುಕ್ಕಟೆ ಕೊಟ್ಟಂಗೆ" ಎಂದರು.

ಅವನು ಸುಮ್ಮನೆ ನಿಂತಿದ್ದನು. ಎಂ.ಎ. ಓದಿನ ವಿಷಯವನ್ನು ಬಾಯಲ್ಲಿ ಹೇಳಬಾರದೆಂದು ತಂದೆಯ ಅಪ್ಪಣೆಯಾಗಿತ್ತು. ಹೇಳಲು ಅಲ್ಲಿ ಏನೂ ಉಳಿದಿರಲೂ ಇಲ್ಲ.

"ತಮಾಷೆ ನೋಡು" ಎಂದು ಚಿಕ್ಕಜ್ಜನೇ ಮುಂದುವರಿಸಿದರು. "ಬರಗಾಲದಾಗೆ ಬೋರು ಬತ್ತಿ ಮರಕ್ಕೆ ಟ್ಯಾಂಕರಿನಾಗೆ ನೀರು ಹೊಡೆಸಿದೀನಿ. ಕೆರೆ ತುಂಬ್ಲಿ ತಾಯಿ ಅಂತ ಕಣಿವೆ ಮಾರಮ್ಮಂಗೆ ಹರಕೆ ಹೊತ್ತೋನು ನಾನೇ. ಕೋಡಿ ಬಿದ್ದಾಗ ಹೋಗಿ ತೀರಿಸಿ ಬಂದೆ. ಬಂದು ನೋಡಿದ್ರೆ ನೀರು ಇಲ್ಲಿಗಂಟ ಬಂದಿತ್ತು." ಅವರು ನಕ್ಕರು. ನಗುವಾಗ ಕಣ್ಣು ಮರಗಳ ಮೇಲೆಯೇ ಇತ್ತು.

ಮಧ್ಯಾಹ್ನ ಅವರೇ ಅವನನ್ನು ಸಾಣೇಹಳ್ಳಿಗೆ ಬಿಟ್ಟುಬಂದರು. ಗ್ರೀಕರ ಮಾದರಿಯಲ್ಲಿ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದ ಬಯಲು ರಂಗಮಂದಿರ ಈ ಸಣ್ಣ ಹಳ್ಳಿಯಲ್ಲಿದೆ. ೧೯೯೭ರಿಂದ ಇಲ್ಲಿಯ 'ಶಿವಸಂಚಾರ' ತಂಡ ಊರೂರಿಗೆ ನಾಟಕಗಳನ್ನು ಒಯ್ದು ಆಡುತ್ತ ಬಂದಿದೆ. ನವೆಂಬರಿನ ನಾಟಕೋತ್ಸವದಲ್ಲಿ ಮೆಟ್ಟಿಲುಗಳ ಮೇಲೆ ಕಾಲಿಡಲು ಜಾಗವಿರುವುದಿಲ್ಲವಂತೆ. ಅಂದು ಅಲ್ಲಿ ಇವನೊಬ್ಬನೇ ಇದ್ದನು. ಮೇಲಿನ ಮೆಟ್ಟಿಲಿನಲ್ಲಿ ಕುಳಿತು ಖಾಲಿ ರಂಗವನ್ನು ನೋಡುವುದಕ್ಕೆ ಯಾರೂ ಕಾಸು ಕೇಳಲಿಲ್ಲ.

ನಾಲ್ಕನೆಯ ದಿನ ಹೊಳಲ್ಕೆರೆ. ಊರಿನ ಹೆಸರಿನಲ್ಲಿಯೇ ಕೆರೆಯುಂಟು. ಇಲ್ಲಿಯ ಬಯಲು ಗಣಪತಿ ಬಹು ಸರಳ ದೈವ. ಒಂಬತ್ತಡಿ ಎತ್ತರದ ಆಳು, ತಲೆಯ ಮೇಲೆ ಚಾವಣಿಯಿಲ್ಲದೆ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಕುಳಿತಿದ್ದಾನೆ. ಬರದ ಸೀಮೆಯಲ್ಲಿ ಮಳೆ ಬಂದರೆ ಮೊದಲು ನೆನೆಯುವವನು ಅವನೇ ಆಗಬೇಕೆಂದು ಭಕ್ತರು ಬಯಸಿದರೋ ಏನೋ. ಹತ್ತಿರದ ಹೊರಕೆರೆದೇವರಪುರದ ನರಸಿಂಹನನ್ನು ನೋಡಲು ಬಸ್ಸು ಹೊಂದಲಿಲ್ಲ. ಹೊಂದಿದ್ದು ಮಲ್ಲಾಡಿಹಳ್ಳಿಗೆ.

ತೆಳುವಾದ ಜೇಬಿನ ಪ್ರವಾಸಿಗಳೆಲ್ಲ ಒಮ್ಮೆ ನೋಡಬೇಕಾದ ಸ್ಥಳವದು. ಬಾರಕೂರಿನ ಕಡೆಯಿಂದ ಬಂದ ರಾಘವೇಂದ್ರ ಸ್ವಾಮಿಗಳು ೧೯೪೩ರಲ್ಲಿ ಇಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿದರು. ಯೋಗವನ್ನು ಕಲಿಸಿದರು, ಆಯುರ್ವೇದದ ಚಿಕಿತ್ಸೆ ನಡೆಸಿದರು, ಶಾಲೆಗಳನ್ನು ತೆರೆದರು. ಹಣಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಬರೆಯುವಾಗ ಅವರಿಟ್ಟುಕೊಂಡ ಹೆಸರೇ 'ತಿರುಕ'. ಆತ್ಮಕಥೆಗೆ ಕೊಟ್ಟ ಹೆಸರು 'ಜೋಳಿಗೆಯ ಪವಾಡ'. ೧೯೯೬ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಹೆಸರಿಗೆ ಅವರು ನಾಚಲಿಲ್ಲ. ಬಿಡಿಕಾಸಿನಿಂದ ಎದ್ದ ಕಟ್ಟಡಗಳ ನಡುವೆ ವಿದ್ಯಾರ್ಥಿ ಒಂದು ಗಂಟೆ ಓಡಾಡಿದನು. ಓದುವ ಹುಡುಗರು ಮೈದಾನದಲ್ಲಿ ಆಡುತ್ತಿದ್ದರು.

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ಬೆಂಗಳೂರಿನ ರೈಲಿಗೆ ಇನ್ನೂ ಹೊತ್ತಿತ್ತು. ಟಿಕೆಟ್ಟು ಕೊಂಡು, ಚಹ ಕುಡಿದು, ಕಲ್ಲುಬೆಂಚಿನ ಮೇಲೆ ಲೆಕ್ಕ ಹಾಕಿದನು. ಇನ್ನೂರ ಎಂಬತ್ತು ರೂಪಾಯಿ ಉಳಿದಿರಬೇಕಾಗಿತ್ತು. ಜೇಬಿನಲ್ಲಿ ಏಳುನೂರ ಎಂಬತ್ತಿತ್ತು. ಮಡಿಸಿದ ಐನೂರರ ನೋಟೊಂದು ಅಂಗಿಯ ಮೇಲುಜೇಬಿನೊಳಗೆ ಯಾವಾಗ ಬಂದು ಸೇರಿತೆಂಬುದು ತಿಳಿಯಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ. ಚೀಲದ ತಳದಲ್ಲಿ ಆರು ತೆಂಗಿನಕಾಯಿಗಳಿದ್ದವು, ಅವುಗಳ ಪಕ್ಕದಲ್ಲಿ ಅದೇ ಲಕೋಟೆ. ಈಗಲೂ ಒಡೆದಿರಲಿಲ್ಲ.

ತಂದೆಯ ಫೋನು ಬಂದಿತು.

"ಕೊಟ್ಟೆಯಾ?"

"ಕೊಟ್ಟೆ. ವಾಪಸು ಕಳಿಸಿದ್ದಾರೆ. ಬೇಸಗೆಯಲ್ಲಿ ನೀರು ಇಳಿದ ಮೇಲೆ ನೀವೇ ಬರಬೇಕಂತೆ."

"ಗಡಿಕಲ್ಲು ನೋಡಿದೆಯಾ?"

"ಇಲ್ಲಪ್ಪಾ" ಎಂದನು ಮಗ. "ಮರ ನೋಡಿದೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ, "ಊಟ ಮಾಡಿದೆಯಾ?" ಎಂಬ ಪ್ರಶ್ನೆ ಬಂದಿತು. ರೈಲು ಬರುವ ಗಂಟೆ ಹೊಡೆಯಿತು. ಅವನು ತೆಂಗಿನಕಾಯಿಯ ಚೀಲವನ್ನು ಹೆಗಲಿಗೇರಿಸಿ, ಸಾಮಾನ್ಯ ದರ್ಜೆಯ ಡಬ್ಬಿ ನಿಲ್ಲುವ ಜಾಗವನ್ನು ಹುಡುಕುತ್ತ ಪ್ಲಾಟ್‌ಫಾರಂನ ಕೊನೆಯ ಕಡೆಗೆ ನಡೆದನು.